ಭಾವನ ಮೌಸು, ಭಾಮೈದನ ಪೆನ್‌ಡ್ರೈವ್

ಅವನಿಗೆ ಕುಕ್ಕರ್ ಎಂದು ಹೆಸರಿಟ್ಟವಳು ಸ್ವಂತ ಅಕ್ಕ. ಸಿಟ್ಟು ಬಂದರೆ ಮೊದಲು ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು. ಆಮೇಲೆ ಹಲ್ಲಿನ ಸಂದಿಯಿಂದ ಸ್ಸ್ಸ್ ಎಂದು ಗಾಳಿ ಹೊರಡುತ್ತಿತ್ತು. ಬಾಯಿ ಬಿಚ್ಚುವುದು ಕೊನೆಗೆ, ಆದರೆ ಒಮ್ಮೆ ಬಿಚ್ಚಿದರೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ಅವನು ತೊಟ್ಟಿಲಲ್ಲಿದ್ದಾಗಿನಿಂದ ಇದನ್ನೆಲ್ಲ ನೋಡಿದ್ದ ಅಕ್ಕ, ಹೊಳ್ಳೆ ಅರಳಿದ ಕೂಡಲೇ ಗಂಡನಿಗೆ ಹೇಳುತ್ತಿದ್ದಳು: "ರೀ, ವಿಷಲ್ ಬರೋ ಹೊತ್ತಾಯ್ತು, ಸ್ವಲ್ಪ ದೂರ ನಿಂತ್ಕೊಳ್ಳಿ."

ಗಂಡ ದೂರ ನಿಲ್ಲುತ್ತಿರಲಿಲ್ಲ. ಹತ್ತಿರ ಬಂದು ಉರಿ ಇನ್ನಷ್ಟು ಹೆಚ್ಚಿಸುತ್ತಿದ್ದ. ಭಾಮೈದನನ್ನು ರೇಗಿಸುವಂಥ ಮನರಂಜನೆ ಆ ಬೀದಿಯಲ್ಲಿ ಬೇರೆ ಇರಲಿಲ್ಲ.

ಭಾವನದ್ದು ಬೋರ್ಡು, ಬ್ಯಾನರು ಮಾಡಿಕೊಡುವ ಅಂಗಡಿ. ರೈಲು ಡಬ್ಬಿಯ ಹಾಗೆ ಉದ್ದಕ್ಕಿದ್ದ ಒಂದೇ ಕೋಣೆ. ಹಿಂದುಗಡೆ ಮಂಚದಷ್ಟು ಅಗಲದ ಪ್ರಿಂಟರ್. ಬ್ಯಾನರು ಹೊರಗೆ ಬಿಡುವಾಗ ಅದು ದಮ್ಮಿನ ರೋಗಿಯಂತೆ 'ಘೀಂಯ್-ಟಕ್, ಘೀಂಯ್-ಟಕ್' ಎಂದು ಏದುಸಿರು ಬಿಡುತ್ತಿತ್ತು. ನಡುವೆ ಅಕ್ಕನ ಮೇಜು. ಬ್ಯಾನರಿನ ಅಂಚು ಮಡಿಸಿ ಅಂಟಿಸುವುದು, ಮೂಲೆಗೆ ತೂತು ಹೊಡೆದು ಹಿತ್ತಾಳೆಯ ಉಂಗುರ ಕೂರಿಸುವುದು, ಬಂದ ಗಿರಾಕಿಗೆ "ಸಂಜೆ ಬನ್ನಿ, ಆಗಿರುತ್ತೆ" ಎಂದು ಮುಖ ನೋಡಿಕೊಂಡೇ ಸುಳ್ಳು ಹೇಳುವುದು, ಎಲ್ಲ ಅವಳ ಕೆಲಸ. ಮುಂದುಗಡೆ ಗಾಜಿನ ಪಕ್ಕದಲ್ಲಿ ಕಂಪ್ಯೂಟರ್. ಒಂದೇ ಒಂದು. ಅಂಗಡಿಯ ಅಷ್ಟೂ ಜಗಳ ಹುಟ್ಟುತ್ತಿದ್ದದ್ದು ಅದರ ಹೊಟ್ಟೆಯಲ್ಲಿ.

ಬೆಳಿಗ್ಗೆ ಅದರ ಮುಂದೆ ಭಾವ, ಮಧ್ಯಾಹ್ನದ ಮೇಲೆ ಕುಕ್ಕರ್. ಭಾವ ಎಡಚ. ಎಡಚ ಆಗಿರುವುದು ತಪ್ಪಲ್ಲ, ಕುಕ್ಕರ್‌ಗೂ ಅದು ಗೊತ್ತು. ಆದರೆ ಭಾವ ಮೌಸನ್ನು ಎಡಕ್ಕೆ ಎಳೆದುಕೊಂಡದ್ದಲ್ಲದೆ ಅದರ ಗುಂಡಿಗಳನ್ನೂ ಅದಲು ಬದಲು ಮಾಡಿದ್ದ. ಎಡ ಗುಂಡಿಯ ಕೆಲಸ ಬಲಕ್ಕೆ, ಬಲದ್ದು ಎಡಕ್ಕೆ. ಕುಕ್ಕರ್ ಮಧ್ಯಾಹ್ನ ಬಂದು ಸರಿ ಮಾಡಿದರೆ ಬೆಳಿಗ್ಗೆ ಭಾವ ಮತ್ತೆ ತಿರುಗಿಸಿ, "ಯಾವನೋ ನನ್ನ ಮೌಸ್ ಮುಟ್ಟಿದ್ದು?" ಎಂದು ಕೂಗುತ್ತಿದ್ದ. ಅಂಗಡಿಯಲ್ಲಿ ಮೂರೇ ಜನ. ಯಾವನು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಕೆಲವು ತಿಂಗಳು ಹೀಗೆ ಹಗ್ಗ ಜಗ್ಗಾಡಿ ಕೊನೆಗೆ ಕುಕ್ಕರೇ ಸೋತ. ಮೌಸನ್ನು ಬಲಕ್ಕೆ ತಂದುಕೊಂಡರೂ ಗುಂಡಿಗಳನ್ನು ಭಾವನ ಲೆಕ್ಕದಲ್ಲೇ ಬಿಟ್ಟು, ತನ್ನ ಬೆರಳನ್ನೇ ತಿದ್ದಿಕೊಂಡ. ತೋರುಬೆರಳು ಒತ್ತಬೇಕಾದ ಕಡೆ ನಡುಬೆರಳು ಒತ್ತುವುದು ಅಭ್ಯಾಸವಾಯಿತು. ಬೆರಳು ಒಪ್ಪಿಕೊಂಡಿತು, ಹೊಟ್ಟೆ ಒಪ್ಪಿಕೊಳ್ಳಲಿಲ್ಲ.

ಸಾಲದ್ದಕ್ಕೆ ಭಾವನಿಗೆ ಕನ್ನಡಕ ಬಂದಿತ್ತು, ಹಾಕಿಕೊಳ್ಳಲು ನಾಚಿಕೆ. ಹಾಗಾಗಿ ಪರದೆಯ ಮೇಲಿನ ಅಕ್ಷರಗಳನ್ನೆಲ್ಲ ಕುಂಬಳಕಾಯಿ ಗಾತ್ರ ಮಾಡಿಟ್ಟಿದ್ದ. ಅದರ ಹಿಂದೆ ಬೈಕಿನ ಮೇಲೆ ಕಪ್ಪು ಕನ್ನಡಕ ಹಾಕಿ ಕೂತ ಭಾವನದ್ದೇ ಫೋಟೋ. "ಕಣ್ಣಿಗೆ ಬೇಕಾದ ಕನ್ನಡಕ ಹಾಕಲ್ಲ, ಬೇಡದ್ದು ಹಾಕ್ತಾರೆ" ಎಂದು ಅಕ್ಕ ಅದಕ್ಕೆ ದಿನಾ ಮಂಗಳಾರತಿ ಮಾಡುತ್ತಿದ್ದಳು.

ಇಷ್ಟನ್ನೂ ಕುಕ್ಕರ್ ನುಂಗಿಕೊಂಡಿದ್ದ. ನುಂಗಲಾಗದ್ದು ಒಂದು ಮಂಗಳವಾರ ನಡೆಯಿತು.

ಅವನು ಶಾಲೆಗೆ ಅರ್ಧದಲ್ಲೇ ಕೈಮುಗಿದು ಬಂದವನು. ಪಾಠದ ಅಕ್ಷರ ಅವನಿಗೆ ಒಲಿಯಲಿಲ್ಲ, ಬೋರ್ಡಿನ ಅಕ್ಷರ ಒಲಿಯಿತು. ಕೆಲಸವಿಲ್ಲದ ಹೊತ್ತಿನಲ್ಲಿ ತನ್ನದೇ ಬಗೆಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದು ಕೂಡಿಡುತ್ತಿದ್ದ. ಹೊಟ್ಟೆ ಬಂದ ಅಕ್ಷರ, ನಡು ಬಳುಕಿಸುವ ಅಕ್ಷರ, ಈಗಷ್ಟೇ ನಿದ್ದೆಯಿಂದೆದ್ದ ಹಾಗೆ ಕಾಣುವ ಅಕ್ಷರ. ಆ ಮಂಗಳವಾರ ಬಂದು ನೋಡಿದರೆ ಒಂದೂ ಇಲ್ಲ.

"ಭಾವ, ನನ್ನ ಫೋಲ್ಡರ್ ಎಲ್ಲಿ?"

"ಯಾವುದು, ಆ ಸೊಟ್ಟಂಬಟ್ಟ ಅಕ್ಷರದ್ದಾ? ಮಿಷಿನ್ ನಿಧಾನ ಆಗಿತ್ತು ಕಣೋ, ಗುಡಿಸಿ ಹಾಕಿದೆ."

"ಗುಡಿಸಿ ಹಾಕಿದ್ರಾ?"

"ಗಿರಾಕಿ ಯಾರಾದ್ರೂ ಕೇಳಿದ್ರಾ ಅದನ್ನ? ಇಲ್ಲ ತಾನೇ. ಮತ್ತೆ?"

ಹೊಳ್ಳೆ ಅರಳಿತು. ಗಾಳಿ ಹೊರಟಿತು. ಅಕ್ಕ ಕತ್ತರಿ ಕೆಳಗಿಟ್ಟು ಕಿವಿ ಮುಚ್ಚಿಕೊಂಡಳು. ಆದರೆ ವಿಷಲ್ ಬರಲಿಲ್ಲ. ಕುಕ್ಕರ್ ಸುಮ್ಮನೆ ಎದ್ದು ಹೊರಗೆ ಹೋದ. ಅವನು ಸುಮ್ಮನಾದದ್ದು ಕಂಡು ಅಕ್ಕನಿಗೆ ಮೊದಲ ಸಲ ನಿಜವಾದ ಭಯ ಹುಟ್ಟಿತು.

ಹೊರಗೆ ಹೋದವನು ನೇರ ಊರಿನ ಆ ಕಡೆಯ ದೊಡ್ಡ ಬೋರ್ಡು ಕಾರ್ಖಾನೆಗೆ ಫೋನ್ ಮಾಡಿದ. ಅಲ್ಲಿನ ಯಜಮಾನಿ ಹಿಂದೊಮ್ಮೆ ಅವನ ಮೊಬೈಲಿನಲ್ಲಿ ಆ ಅಕ್ಷರಗಳನ್ನು ನೋಡಿ, "ಯಾವಾಗ ಬೇಕಾದ್ರೂ ಬಾರಪ್ಪ" ಎಂದಿದ್ದರು. ಈಗಲೂ ಅದನ್ನೇ ಅಂದರು. ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರದಿಂದ ಬರಬಹುದು. ಒಂದೇ ಮಾತು, ಅಲ್ಲಿ ಯಾರಿಗೂ ಕಾಯಂ ಜಾಗವಿಲ್ಲ, ಯಾವ ಕಂಪ್ಯೂಟರ್ ಖಾಲಿಯೋ ಅದರ ಮುಂದೆ ಕೂರಬೇಕು.

"ಇಲ್ಲೂ ಛತ್ರದ ಬಾಳೇನಾ!" ಎಂದು ಅವನು ಹಲ್ಲು ಕಡಿದ. ಆಮೇಲೆ ಹೊಳೆಯಿತು. ಎಂದೋ ಮೊಬೈಲಿನಲ್ಲಿ ನೋಡಿದ್ದ ವಿಡಿಯೋ. ಕಂಪ್ಯೂಟರಿನ ಮೈ ಯಾರದ್ದಾದರೂ ಇರಲಿ, ಅದನ್ನು ನಡೆಸುವ ಜೀವವನ್ನು ಒಂದು ಪೆನ್‌ಡ್ರೈವಿನಲ್ಲಿ ತುಂಬಿ ಜೇಬಿನಲ್ಲಿಟ್ಟುಕೊಂಡು ತಿರುಗಬಹುದು. ಲಿನಕ್ಸ್ ಎಂಬ ಸಿಸ್ಟಮ್, ಯಾರ ಅಪ್ಪಣೆಯೂ ಬೇಡ. ಚುಚ್ಚಿದರೆ ಆ ಕಂಪ್ಯೂಟರ್ ನಿನ್ನದು, ಕಿತ್ತರೆ ಅವರದ್ದು. ಒಳಗಿನ ಮೌಸು, ಅಕ್ಷರ, ಫೋಟೋ ಎಲ್ಲ ನಿನ್ನಿಷ್ಟ. ಯಾವ ಭಾವನೂ ಬಂದು ಗುಡಿಸಿ ಹಾಕಲಾರ.

ಮರುದಿನ ಭಾವ ಊಟಕ್ಕೆಂದು ಮನೆಗೆ ಹೋಗಿ ಒಂದು ನಿದ್ದೆ ತೆಗೆಯುವ ಹೊತ್ತಿಗೆ ಕುಕ್ಕರ್ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದ. ಅವನ ಮುಂದೆ ಎರಡು ಪೆನ್‌ಡ್ರೈವ್. ಒಂದು ಹಳೆಯದು, ಬಾಯಿ ಮುರಿದದ್ದು, ಅದರಲ್ಲಿ ಇನ್‌ಸ್ಟಾಲ್ ಮಾಡುವ ಸಾಮಾನು. ಇನ್ನೊಂದು ಹೊಸದು, ಹೆಬ್ಬೆರಳಿನಷ್ಟು ದಪ್ಪ, ಉಕ್ಕಿನ ಮೈ. ಹಳೆಯದರಿಂದ ಕಂಪ್ಯೂಟರ್ ಎಬ್ಬಿಸಿ ಹೊಸದರ ಮೇಲೆ ಸಿಸ್ಟಮ್ ಕೂರಿಸಬೇಕು. ಅಕ್ಕ ಊಟದ ಡಬ್ಬಿ ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂತಳು.

"ಏನೋ ಮಾಡ್ತಿದೀಯ?"

"ಮನೆ ಕಟ್ತಾ ಇದೀನಿ."

"ಎಲ್ಲಿ?"

ಅವನು ಪೆನ್‌ಡ್ರೈವ್ ತೋರಿಸಿದ.

"ಅಡುಗೆಮನೆ ಸ್ವಲ್ಪ ದೊಡ್ಡದಿರಲಿ," ಎಂದಳು ಅಕ್ಕ ತುತ್ತು ಕಲಸುತ್ತ. "ನಿನ್ನ ಹೆಂಡತಿ ಆಮೇಲೆ ನನ್ನ ಬೈಬಾರದು."

ಪರದೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋಯಿತು. ಯಾವ ಭಾಷೆ, ಯಾವ ಗಡಿಯಾರ, ತಮ್ಮ ಹೆಸರೇನು. ಇಷ್ಟು ಮರ್ಯಾದೆಯಿಂದ ಯಾರೂ ಅವನನ್ನು ಏನೂ ಕೇಳಿದವರಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಕ್ಷಣ ಯೋಚಿಸಿ 'ಕುಕ್ಕರ್' ಎಂದೇ ಬರೆದ. ಸಿಸ್ಟಮ್ ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಉಸಿರು ಬಿಗಿ ಹಿಡಿದ. ಇಲ್ಲಿ ತಪ್ಪಿದರೆ ಭಾವನ ಅಂಗಡಿಯೇ ಗುಡಿಸಿ ಹೋಗುತ್ತದೆ. ಗಾತ್ರ ನೋಡಿ, ಮತ್ತೊಮ್ಮೆ ನೋಡಿ, ದಪ್ಪ ಪೆನ್‌ಡ್ರೈವನ್ನೇ ಆರಿಸಿದ. ಅದರ ಕೆಳಗೆ ಇನ್ನೊಂದು ಸಾಲು ಇತ್ತು: ಸಿಸ್ಟಮನ್ನು ಎಬ್ಬಿಸುವವನನ್ನು ಯಾವ ಡಿಸ್ಕಿನ ಬಾಗಿಲಲ್ಲಿ ನಿಲ್ಲಿಸಬೇಕು? ಅಲ್ಲಿ ಮೊದಲೇ ಅಂಗಡಿಯ ಡಿಸ್ಕಿನ ಹೆಸರು ಕೂತಿತ್ತು.

ಅಲ್ಲಿಯವರೆಗೆ ಕೀಬೋರ್ಡಿನಲ್ಲೇ ನಡೆಸಿದವನು ಪಟ್ಟಿ ಬಿಚ್ಚಿ ಈಗ ಮೌಸು ಹಿಡಿದ. ಪೆನ್‌ಡ್ರೈವಿನ ಹೆಸರಿನ ಮೇಲೆ ಬಾಣ ತಂದು ನಿಲ್ಲಿಸಿದ.

"ಬಾಯಿ ತೆಗಿ," ಎಂದು ಅಕ್ಕ ತುತ್ತು ಚಾಚಿದಳು.

ಬಾಯಿ ತೆಗೆದ. ಬೆರಳು ಒತ್ತಿತು. ಪಟ್ಟಿ ಮುಚ್ಚಿಕೊಂಡಿತು. ಅಗಿಯುತ್ತಲೇ ಎಂಟರ್ ಬಡಿದ.

ಭಾವ ನಿದ್ದೆ ಮುಗಿಸಿ, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ಬರುವ ಮೊದಲೇ ಮನೆ ಎದ್ದು ನಿಂತಿತ್ತು. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿದರೆ ಅಚ್ಚುಕಟ್ಟಾದ ಪರದೆ, ಅದರ ಮೇಲೆ ಏನೂ ಇಲ್ಲ. ಬೈಕಿಲ್ಲ, ಭಾವನಿಲ್ಲ, ಕುಂಬಳಕಾಯಿ ಇಲ್ಲ. ಖಾಲಿ ಮನೆಯ ನಡುವೆ ನಿಂತವನ ಹಾಗೆ ಕುಕ್ಕರ್ ಅದನ್ನೇ ನೋಡುತ್ತ ಕೂತ.

"ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಆ ದೊಡ್ಡ ಕಾರ್ಖಾನೆಗೆ ಹೋಗ್ತಿದೀನಿ," ಎಂದು ಅಕ್ಕನಿಗೆ ಮಾತ್ರ ಹೇಳಿದ. "ಭಾವಂಗೆ ನಾನೇ ಹೇಳ್ತೀನಿ. ಹೋಗೋ ದಿನ."

ಅಕ್ಕ ಡಬ್ಬಿಯ ಮುಚ್ಚಳ ಹಾಕಿದಳು.

ಮರುದಿನ ಬೆಳಿಗ್ಗೆ ತನ್ನ ಬಾಡಿಗೆ ಕೋಣೆಯಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಫೋನ್ ಬಡಿದುಕೊಂಡಿತು.

"ಲೋ, ಏನ್ ಮಾಡಿದ್ಯೋ ನಿನ್ನೆ? ಮಿಷಿನ್ ಎದ್ದೇಳ್ತಿಲ್ಲ!"

"ನಾನೇನೂ ಮಾಡಿಲ್ಲ. ಏನು ಕಾಣ್ತಿದೆ?"

"ಕಪ್ಪು ಕಾಣ್ತಿದೆ! ಕಪ್ಪಲ್ಲಿ ಒಂದು ಬಿಳಿ ಗೆರೆ ಕಣ್ಣು ಹೊಡೀತಿದೆ, ನನಗೆ!"

ಒದ್ದೆ ತಲೆಯಲ್ಲೇ ಓಡಿದ. ಅಂಗಡಿಯಲ್ಲಿ ಗಿರಾಕಿ ಬೇರೆ ಕೂತಿದ್ದರು, ಹಲ್ಲಿನ ಡಾಕ್ಟರಮ್ಮ. ಹೊಸ ಕ್ಲಿನಿಕ್ಕಿಗೆ ಬೋರ್ಡು ಬೇಕು, ಅದರ ಮೇಲೆ ನಗುವ ಹಲ್ಲು ಬೇಕು. ಭಾವ ಬರೆದ ಹಲ್ಲು ನೋಡಿ, "ನಗೋದಕ್ಕೆ ಬಾಯಿ ಬರ್ದಿದೀರಿ, ಸರಿ. ಆ ಬಾಯೊಳಗೆ ಮತ್ತೆ ಹಲ್ಲು ಬರ್ದಿದೀರಲ್ಲ, ಆ ಹಲ್ಲುಗಳೂ ನಗ್ತವಾ?" ಎಂದು ಕೇಳಿ ಹಿಂದಿನ ದಿನವೇ ಭಾವನ ತಲೆ ಕೆಡಿಸಿದ್ದರು.

ಕುಕ್ಕರ್ ಕೂತ. ಒಳಗೇನಾಗಿದೆ ನೋಡೋಣ ಎಂದು ತನ್ನ ಪೆನ್‌ಡ್ರೈವ್ ಚುಚ್ಚಿ ಮತ್ತೆ ಆನ್ ಮಾಡಿದ. ಪರದೆಯ ಮೇಲೆ ಎರಡು ಸಾಲು ಬಂತು, ಮೇಲೆ ಅವನ ಸಿಸ್ಟಮ್, ಕೆಳಗೆ ಭಾವನದ್ದು. ಕೆಳಗಿನದನ್ನು ಒತ್ತಿದ್ದೇ ತಡ, ಭಾವ ಬೈಕಿನ ಮೇಲೆ ಪ್ರತ್ಯಕ್ಷನಾದ.

"ಚೆನ್ನಾಗೇ ಇದೆಯಲ್ಲ!"

"ಈಗ ತಾನೇ ಸತ್ತು ಬಿದ್ದಿತ್ತು ಕಣೋ. ಡಾಕ್ಟ್ರೇ, ನೀವೇ ಹೇಳಿ."

"ನಾನು ಹಲ್ಲಿನ ಡಾಕ್ಟ್ರು," ಎಂದರು ಅವರು. "ಆದ್ರೂ ಸತ್ತಿತ್ತು, ನಿಜ."

ಅದರ ಮರುದಿನ ಮತ್ತೆ ಅದೇ ಕಪ್ಪು, ಅದೇ ಫೋನು. ಈ ಸಲ ಓಡುವ ಗಡಿಬಿಡಿಯಲ್ಲಿ ಕುಕ್ಕರ್ ಪ್ಯಾಂಟು ಬದಲಾಯಿಸಿದ್ದ. ಪೆನ್‌ಡ್ರೈವ್ ಹಳೆಯ ಪ್ಯಾಂಟಿನ ಜೇಬಿನಲ್ಲೇ ಉಳಿದಿತ್ತು. ಬರಿಗೈಯಲ್ಲಿ ಆನ್ ಮಾಡಿದ. ಕಪ್ಪು. ಆಫ್ ಮಾಡಿ ಮತ್ತೆ ಆನ್ ಮಾಡಿದ. ಕಪ್ಪು. ಬಿಳಿ ಗೆರೆ ಅವನಿಗೂ ಕಣ್ಣು ಹೊಡೆಯಿತು.

ಆಗ ಅವನ ಬಲಗೈ ಮೌಸಿನ ಮೇಲಿತ್ತು. ನಡುಬೆರಳು ತಾನಾಗಿ ಬಲ ಗುಂಡಿಯನ್ನು ಒತ್ತುತ್ತಿತ್ತು, ಟಿಕ್ ಟಿಕ್ ಟಿಕ್. ಅವನು ಆ ಬೆರಳನ್ನೇ ನೋಡಿದ.

ಆವತ್ತು ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರನ್ನು ಒತ್ತಿದ್ದು ಈ ಬೆರಳು. ಭಾವನ ಕಂಪ್ಯೂಟರಿನಲ್ಲಿ ಇದೇ ಸರಿಯಾದ ಬೆರಳು. ಆದರೆ ಹೊಸ ಸಿಸ್ಟಮ್ಮಿಗೆ ಭಾವನ ಎಡಗೈ ಗೊತ್ತಿಲ್ಲ, ಅಲ್ಲಿ ಗುಂಡಿಗಳು ಎಲ್ಲರ ಹಾಗೇ ಇದ್ದವು. ತಪ್ಪು ಗುಂಡಿ ಒತ್ತಿದ್ದರಿಂದ ಪಟ್ಟಿ ಸುಮ್ಮನೆ ಮುಚ್ಚಿಕೊಂಡಿತ್ತು, ಆಯ್ಕೆ ಆಗಿರಲಿಲ್ಲ. ಎಬ್ಬಿಸುವವನು ಹೋಗಿ ಅಂಗಡಿಯ ಡಿಸ್ಕಿನ ಬಾಗಿಲಲ್ಲೇ ನಿಂತುಬಿಟ್ಟಿದ್ದ, ಅಲ್ಲಿದ್ದ ಹಳಬನನ್ನು ಹಿಂದೆ ತಳ್ಳಿ. ಈಗ ಈ ಹೊಸಬನಿಗೆ ಗೊತ್ತಿರುವ ದಾರಿಯೆಲ್ಲ ಇರುವುದು ಪೆನ್‌ಡ್ರೈವಿನಲ್ಲಿ. ಅದು ಕಂಡರೆ ಎಲ್ಲರನ್ನೂ ಎಬ್ಬಿಸುತ್ತಾನೆ. ಕಾಣದಿದ್ದರೆ ಕತ್ತಲಲ್ಲಿ ನಿಂತು ಕಣ್ಣು ಹೊಡೆಯುತ್ತಾನೆ.

ಅಂದರೆ ಭಾವನ ಅಂಗಡಿಯ ಕೀಲಿ ಕುಕ್ಕರ್‌ನ ಹಳೆಯ ಪ್ಯಾಂಟಿನಲ್ಲಿತ್ತು.

"ಏನಾಗಿದೆಯೋ?" ಭಾವ ಹೆಗಲ ಮೇಲಿಂದ ಬಗ್ಗಿದ.

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಆದರೆ "ಈ ಹುಡುಗ ಒಂದಲ್ಲ ಒಂದು ದಿನ ಅಂಗಡಿ ಮುಳುಗಿಸ್ತಾನೆ" ಎಂದು ಭಾವ ಬಂದವರಿಗೆಲ್ಲ ತಮಾಷೆಗೆ ಹೇಳುತ್ತಿದ್ದದ್ದು ನೆನಪಾಯಿತು. ಮುಳುಗಿಸಿದ್ದಾಯಿತು, ಇನ್ನು ಬೇರೆ ಕಡೆ ಹೋಗುತ್ತೇನೆ ಎಂದರೆ ಯಾವ ಪುಣ್ಯಾತ್ಮ ಇದನ್ನು ಕೈತಪ್ಪು ಎಂದು ನಂಬುತ್ತಾನೆ?

"ಸ್ಕ್ರೂಡ್ರೈವರ್ ಬೇಕು. ರೂಮಲ್ಲಿದೆ, ತರ್ತೀನಿ," ಎಂದು ಓಡಿದ. ಅಂಗೈಯಲ್ಲಿ ಪೆನ್‌ಡ್ರೈವ್ ಮುಚ್ಚಿಟ್ಟುಕೊಂಡು ಬಂದ. ಮೇಜಿನ ಕೆಳಗೆ ನುಗ್ಗಿ, ಸುಮ್ಮನೆ ಒಂದು ತಿರುಪು ಬಿಚ್ಚಿ, ಅದನ್ನೇ ಮತ್ತೆ ಹಾಕಿ, ಪೆನ್‌ಡ್ರೈವನ್ನು ಕಂಪ್ಯೂಟರ್ ಡಬ್ಬಿಯ ಹಿಂದುಗಡೆ ಚುಚ್ಚಿ ಎದ್ದ. ಬೈಕಿನ ಮೇಲೆ ಭಾವ ಬಂದ.

"ವೈರ್ ಲೂಸ್ ಆಗಿತ್ತು," ಎಂದ ಗೋಡೆ ನೋಡುತ್ತ.

ಅವತ್ತಿನಿಂದ ಭಾವನೇ ಬೇರೆ ಮನುಷ್ಯನಾದ. ಯಾರು ಬಂದರೂ "ನಮ್ಮ ಭಾಮೈದ ಬಂದು ಮುಟ್ಟಬೇಕು, ಆಗಲೇ ಇದು ಏಳೋದು, ನನ್ನ ಮಾತು ಕೇಳಲ್ಲ" ಎಂದು ಹೇಳತೊಡಗಿದ. ಹೇಳುವಾಗ ದನಿಯಲ್ಲಿ ದೂರಿರಲಿಲ್ಲ, ಮಗ ಮೊದಲ ಬಹುಮಾನ ತಂದ ಜಂಬವಿತ್ತು. ಹರಿಯದ ಕುರ್ಚಿ ಕುಕ್ಕರ್‌ಗೆ ಬಂತು, ಸೀಟು ಹರಿದದ್ದು ಭಾವನ ಪಾಲಾಯಿತು. ನಗುವ ಹಲ್ಲನ್ನು ಅವನಿಗೇ ಒಪ್ಪಿಸಿದ. ಕುಕ್ಕರ್ ಹಲ್ಲಿಗೆ ಬಾಯಿ ಬರೆಯಲೇ ಇಲ್ಲ, ಎರಡು ಕಣ್ಣು ಬರೆದು ಸ್ವಲ್ಪ ಕಿರಿದು ಮಾಡಿದ, ಹಲ್ಲು ತಾನೇ ನಕ್ಕಿತು. ಅದರ ಕೆಳಗೆ ನಿದ್ದೆಯಿಂದೆದ್ದ ಹಾಗಿನ ಆ ಅಕ್ಷರಗಳನ್ನು ನೆನಪಿನಿಂದಲೇ ಮತ್ತೆ ಬರೆದ. ಡಾಕ್ಟರಮ್ಮ ನೋಡಿ, "ಇದು ನನ್ನ ಕ್ಲಿನಿಕ್ಕು!" ಎಂದು ಚಪ್ಪಾಳೆ ತಟ್ಟಿದರು. ಭಾವ ಅವನ್ನು ಕುಂಬಳಕಾಯಿ ಗಾತ್ರ ಮಾಡದೆಯೇ, ಪರದೆಗೆ ಮೂಗು ತಾಗಿಸಿ ಬಹಳ ಹೊತ್ತು ಆ ಅಕ್ಷರಗಳನ್ನು ನೋಡಿದ. ಸಂಜೆ ಹೋಗುವಾಗ ಮೌಸನ್ನು ಬಲಕ್ಕೆ ಸರಿಸಿಟ್ಟು ಹೋದ.

ಸರಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಒಂದು ಕಪ್ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಕುಕ್ಕರ್ ದಿನಾ ಬೆಳಿಗ್ಗೆ ಗುಟ್ಟಾಗಿ ಪೆನ್‌ಡ್ರೈವ್ ಚುಚ್ಚಿ, ಸಂಜೆ ಕಿತ್ತುಕೊಂಡು ಹೋಗುತ್ತಿದ್ದ, ಪ್ರತಿ ಸಲ "ಈಗ ಮಾಡಿಬಿಡೋಣ" ಎಂದು ಕೂರುತ್ತಿದ್ದ. ಅಷ್ಟರಲ್ಲಿ ಭಾವ "ಏನಪ್ಪಾ, ಚಹಾ ತರಿಸ್ಲಾ?" ಎನ್ನುತ್ತಿದ್ದ. ಇಷ್ಟು ವರ್ಷ 'ಲೋ' ಎಂದವನ ಬಾಯಲ್ಲಿ 'ಅಪ್ಪಾ' ಕೇಳಿದ ಮೇಲೆ ಯಾರಿಗೆ ತಾನೇ ಸರಿ ಮಾಡಲು ಕೈ ಬರುತ್ತದೆ? ನಾಳೆ ಮಾಡೋಣ. ನಾಳೆ.

ಹೋಗುವ ಸೋಮವಾರಕ್ಕೆ ಎರಡೇ ದಿನ ಉಳಿದಿದ್ದ ಶನಿವಾರ ಮಧ್ಯಾಹ್ನ, ಭಾವ ನಿದ್ದೆಗೆ ಹೋದಾಗ ಅಕ್ಕ ಕತ್ತರಿ ಹಿಡಿದುಕೊಂಡೇ ಬಂದು ಎದುರು ನಿಂತಳು.

"ನಿನ್ನ ಮಂತ್ರ ಎಲ್ಲ ಆ ಕಡ್ಡೀಲಿದೆ, ಅಲ್ವಾ?"

"ಯಾವ ಕಡ್ಡಿ?"

"ಹೊಳ್ಳೆ ಅರಳಿಸಬೇಡ, ನಾನು ನಿನ್ನ ಅಕ್ಕ. ನೀನು ಬರ್ತೀಯ, ಹಿಂದುಗಡೆ ಕೈ ಹಾಕ್ತೀಯ, ಏಳುತ್ತೆ. ನೀನು ಕಿತ್ಕೊಂಡು ಹೋಗ್ತೀಯ, ಸಾಯುತ್ತೆ. ಇವರು ಕನ್ನಡಕ ಹಾಕಲ್ಲ, ನನಗೇನು ಕಣ್ಣಿಲ್ವಾ?"

"ಬೇಕಂತ ಮಾಡಿದ್ದಲ್ಲ ಅಕ್ಕ. ನಿನ್ನಾಣೆ."

"ಗೊತ್ತು. ನೀನು ಬೇಕಂತ ಮಾಡೋ ಕೆಲಸ ಎಲ್ಲ ಕೂಗಿಕೊಂಡೇ ಮಾಡ್ತೀಯ. ಆದ್ರೆ ಅವರು ನಾಳೆ ರಿಪೇರಿಯವನನ್ನ ಬರೋಕೆ ಹೇಳಿದಾರೆ. ಅವನು ಎಲ್ಲ ಅಳಿಸಿ ಹೊಸದಾಗಿ ಹಾಕ್ತಾನಂತೆ. ಅಂಗಡಿ ಶುರುವಾದಾಗಿನಿಂದ ಮಾಡಿದ ಬೋರ್ಡೆಲ್ಲ ಅದರಲ್ಲಿದೆ." ಅಕ್ಕ ಕತ್ತರಿಯ ಬಾಯಿ ಮುಚ್ಚಿದಳು. "ಹೋಗೋದಾದ್ರೆ ಹೋಗು. ನಾನು ಅಡ್ಡ ನಿಲ್ಲಲ್ಲ. ಆದ್ರೆ ಈ ಮನೆ ಬೀಗದ ಕೈ ಜೇಬಲ್ಲಿಟ್ಕೊಂಡು ಹೋಗಬೇಡ. ಹಂಗೆ ಹೋದ್ರೆ ಮತ್ತೆ ಈ ಬಾಗಿಲಿಗೆ ಬರೋಕಾಗಲ್ಲ ನಿಂಗೆ. ನಾನು ಯಾರ ಕಡೆ ನಿಲ್ಲಲಿ ಆಮೇಲೆ?"

ಭಾವ ದಿಂಬಿನ ಗೆರೆಯೊಂದಿಗೆ ಒಳಗೆ ಬಂದ ಕೂಡಲೇ, ಅವನು ಚಪ್ಪಲಿ ಬಿಡುವುದಕ್ಕೂ ಕಾಯದೆ ಕುಕ್ಕರ್ ಎದ್ದು ನಿಂತ.

"ಭಾವ, ಮಿಷಿನ್ ಕೆಟ್ಟಿಲ್ಲ. ನಾನು ಕೆಡಿಸಿದ್ದು. ವೈರ್ ಲೂಸ್ ಅಂದಿದ್ದು ಸುಳ್ಳು."

ಪೆನ್‌ಡ್ರೈವ್ ಕಿತ್ತು, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿ ತೋರಿಸಿದ. ಕಪ್ಪು. ಚುಚ್ಚಿ ತೋರಿಸಿದ. ಬೈಕು. ಭಾವ ಎರಡನ್ನೂ ನೋಡಿದ. ಆಮೇಲೆ ನಿಧಾನಕ್ಕೆ ಹರಿದ ಕುರ್ಚಿಯಲ್ಲಿ ಕೂತ.

"ಬೇಕಂತ ಮಾಡಿದ್ಯಾ?"

"ಇಲ್ಲ."

"ನಿನ್ನ ಫೋಲ್ಡರ್ ತೆಗೆದೆ ಅಂತ?"

"ಇಲ್ಲ ಅಂದ್ನಲ್ಲ! ಬೆರಳು ತಪ್ಪಿತು!"

"ಇಷ್ಟು ವರ್ಷ ತಪ್ಪದ ಬೆರಳು ಈಗ ತಪ್ಪಿತಾ?"

ಅಲ್ಲಿಗೆ ಹೊಳ್ಳೆ ಅರಳಿತು. ಅಕ್ಕ ಕಿವಿ ಮುಚ್ಚಿಕೊಂಡಳು, ಈ ಸಲ ಅದು ವ್ಯರ್ಥವಾಗಲಿಲ್ಲ.

"ಅದು ನನ್ನ ಬೆರಳೇ ಅಲ್ಲ! ನಿಮ್ಮ ಬೆರಳು! ದಿನಾ ಎಡ ಬಲ ತಿರುಗಿಸಿ ತಿರುಗಿಸಿ ನನ್ನ ಕೈ ನಿಮ್ಮದಾಗಿ ಹೋಗಿದೆ! ಎಲ್ಲರ ಹಾಗೆ ಇರೋ ಮೌಸ್ ಕೊಟ್ರೆ ನಂಗೆ ಒತ್ತೋಕೇ ಬರಲ್ಲ! ನನ್ನದು ಅಂತ ಒಂದು ಮನೆ ಕಟ್ಟೋಕೆ ಹೋದ್ರೆ ಅಲ್ಲೂ ನಿಮ್ಮ ಕೈಯೇ ಬಂದು ಬಾಗಿಲು ಹಾಕ್ತು!"

ಬೀದಿಯಲ್ಲಿ ಹೋಗುತ್ತಿದ್ದ ಸೈಕಲಿನವನು ಕಾಲು ಕೊಟ್ಟು ನಿಂತು ಒಳಗೆ ಇಣುಕಿದ. ಭಾವ ಅವನತ್ತ ನೋಡಲಿಲ್ಲ. ತನ್ನ ಎಡಗೈಯನ್ನು ಎತ್ತಿ, ಮೊದಲ ಸಲ ಕಂಡವನಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಅವನ ಹೊಟ್ಟೆ ಒಮ್ಮೆ ಕುಲುಕಿತು. ಮತ್ತೊಮ್ಮೆ ಕುಲುಕಿತು. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ.

"ನೋಡೇ, ನಿನ್ನ ತಮ್ಮ. ಅವನು ಮಾಡಿದ ತಪ್ಪಿಗೂ ನನ್ನ ಕೈಯೇ ಬೇಕು."

"ನಗಬೇಡಿ ಭಾವ, ನಾನು ಸೀರಿಯಸ್ಸಾಗಿ ಬೈತಿದೀನಿ!"

"ಬೈಯಪ್ಪ, ಬೈಯಿ. ಮೊದಲು ಸರಿ ಮಾಡು, ಆಮೇಲೆ ಕೂತು ಬೈಯಿ."

ಕುಕ್ಕರ್ ಹಳೆಯ ಬಾಯಿಮುರುಕ ಪೆನ್‌ಡ್ರೈವ್ ತೆಗೆದ. ಈ ಸಲ ನಡುಬೆರಳನ್ನು ಮಡಿಸಿಟ್ಟುಕೊಂಡು, ತೋರುಬೆರಳೊಂದರಿಂದಲೇ ಕೆಲಸ ಮಾಡಿದ. ಅಂಗಡಿಯ ಹಳೆಯ ಬಾಗಿಲಿನವನನ್ನು ಮತ್ತೆ ಅವನ ಜಾಗದಲ್ಲಿ ನಿಲ್ಲಿಸಿದ. ತನ್ನವನನ್ನು ಕರೆದುಕೊಂಡು ಹೋಗಿ ದಪ್ಪ ಪೆನ್‌ಡ್ರೈವಿನೊಳಗೇ ಕೂರಿಸಿದ. ಎಲ್ಲ ಮುಗಿಸಿ, ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡು ಎದ್ದು ದೂರ ನಿಂತ.

"ಈಗ ನೀವೇ ಆನ್ ಮಾಡಿ."

"ನೀನು ಮುಟ್ಟದೇ?"

"ನಾನು ಮುಟ್ಟದೇ."

ಭಾವ ಎಡಗೈಯ ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಕಂಪ್ಯೂಟರ್ ಏನೂ ಆಗೇ ಇಲ್ಲವೆಂಬಂತೆ ಎದ್ದಿತು. ಬೈಕು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ರಿಪೇರಿಯಾದ ಸಾಮಾನು ನೋಡಿ ಮುಖ ಸಪ್ಪಗೆ ಮಾಡಿಕೊಂಡ ಯಜಮಾನನನ್ನು ಕುಕ್ಕರ್ ಅದೇ ಮೊದಲು ನೋಡಿದ್ದು.

"ಹಂಗಾದ್ರೆ ಇನ್ಮೇಲೆ ನೀನಿಲ್ಲದೇ ಹೋದ್ರೂ ಏಳುತ್ತೆ."

"ಏಳುತ್ತೆ." ಕುಕ್ಕರ್ ಪೆನ್‌ಡ್ರೈವ್ ಇದ್ದ ಜೇಬು ಮುಟ್ಟಿಕೊಂಡ. "ಅದಕ್ಕೇ ಹೇಳ್ತಿದೀನಿ ಭಾವ. ಸೋಮವಾರದಿಂದ ನಾನು ಆ ದೊಡ್ಡ ಕಾರ್ಖಾನೆಗೆ ಹೋಗ್ತಿದೀನಿ. ಅವರಿಗೆ ನನ್ನ ಅಕ್ಷರ ಬೇಕಂತೆ."

ಭಾವ ತುಂಬ ಹೊತ್ತು ಪರದೆಯ ಮೇಲೆ ಏನನ್ನೋ ಹುಡುಕುವವನಂತೆ ಮೌಸು ಓಡಾಡಿಸಿದ. ಏನೂ ಹುಡುಕುತ್ತಿರಲಿಲ್ಲ. ಬಾಣ ಬೈಕಿನ ಚಕ್ರವನ್ನೇ ಸುತ್ತು ಹಾಕುತ್ತಿತ್ತು.

"ಹೋಗು," ಎಂದ. "ನಾನೇನು ಕಟ್ಟಿ ಹಾಕಿದೀನಾ?" ಸ್ವಲ್ಪ ತಡೆದು, "ಅಲ್ಲಿ ಕುರ್ಚಿ ಚೆನ್ನಾಗಿದೆಯಾ, ನೋಡ್ಕೊಂಡ್ಯಾ?"

"ನೋಡಿಲ್ಲ."

"ನೋಡ್ಕೋಬೇಕಪ್ಪ ಮೊದಲು. ಬೆನ್ನು ಹೋಗುತ್ತೆ."

ಅಕ್ಕ ಬ್ಯಾನರಿನ ಮೂಲೆಗೆ ಅಗತ್ಯಕ್ಕಿಂತ ಜೋರಾಗಿ ಉಂಗುರ ಹೊಡೆದಳು.

ಸೋಮವಾರ ಕುಕ್ಕರ್ ದೊಡ್ಡ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಒಂದು ಖಾಲಿ ಕಂಪ್ಯೂಟರ್ ಹಿಡಿದ. ಕುರ್ಚಿ ಚೆನ್ನಾಗಿತ್ತು, ಅದನ್ನೇ ಮೊದಲು ನೋಡಿದ. ದಪ್ಪ ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಅವನ ಮನೆ ಬಾಗಿಲು ತೆರೆಯಿತು, 'ಕು‌ಕ್ಕರ್, ಸ್ವಾಗತ' ಎಂದಿತು. ಅತ್ತಿತ್ತ ಕೂತವರು ಅಪರಿಚಿತರು, ಗೋಡೆ ಅಪರಿಚಿತ, ನೀರಿನ ರುಚಿ ಕೂಡ ಬೇರೆ. ಮನೆ ಮಾತ್ರ ಅವನದ್ದೇ. ಯಜಮಾನಿ ಒಂದು ಔಷಧಿ ಅಂಗಡಿಯ ಬೋರ್ಡು ಕೊಟ್ಟು ಹೋದರು. ಕುಕ್ಕರ್ ಮೌಸು ಹಿಡಿದು ಒತ್ತಿದ. ಬಲ ಗುಂಡಿ. ಸ್ಸ್ಸ್ ಎಂದ. ಮತ್ತೆ ಒತ್ತಿದ. ಮತ್ತೆ ಬಲ ಗುಂಡಿ.

ಸ್ವಲ್ಪ ಹೊತ್ತು ಬೆರಳಿನ ಜೊತೆ ಗುದ್ದಾಡಿದ. ಆಮೇಲೆ ಯಾರಾದರೂ ನೋಡುತ್ತಿದ್ದಾರಾ ಎಂದು ಸುತ್ತ ಕಣ್ಣು ಹಾಯಿಸಿ, ಸೆಟ್ಟಿಂಗಿಗೆ ಹೋಗಿ, ತನ್ನ ಸ್ವಂತ ಮನೆಯ ಮೌಸಿನ ಗುಂಡಿಗಳನ್ನು ಭಾವನ ಲೆಕ್ಕಕ್ಕೆ ತಿರುಗಿಸಿಕೊಂಡ. ಕೈ ಹಗುರಾಯಿತು. ಔಷಧಿ ಅಂಗಡಿಯ ಮೊದಲ ಅಕ್ಷರ ಸಲೀಸಾಗಿ ಬಳುಕಿತು.

ಆಗ ಫೋನ್ ಬಂತು.

"ಲೋ, ಮಿಷಿನ್ ಎದ್ದೇಳ್ತಿಲ್ಲ ಕಣೋ."

ತೋರುಬೆರಳೊಂದರಿಂದಲೇ ಮಾಡಿದ್ದೆನಲ್ಲ, ಎಲ್ಲಿ ತಪ್ಪಿದೆ? ಕುಕ್ಕರ್ ಫೋನನ್ನು ಕಿವಿಗೆ ಒತ್ತಿಕೊಂಡ. "ಏನು ಕಾಣ್ತಿದೆ ಭಾವ?"

"ಕಪ್ಪು."

ಆ ಮಾತಿನ ಹಿಂದೆ ಇನ್ನೇನೋ ಕೇಳುತ್ತಿತ್ತು. ಅವನು ಇನ್ನೊಂದು ಕಿವಿ ಮುಚ್ಚಿಕೊಂಡು ಆಲಿಸಿದ. ಘೀಂಯ್-ಟಕ್. ಘೀಂಯ್-ಟಕ್.

ಕಂಪ್ಯೂಟರ್ ಏಳದೆ ಆ ಪ್ರಿಂಟರ್ ಮಿಸುಕುವುದೂ ಇಲ್ಲ.

"ಪೂರ್ತಿ ಕಪ್ಪಾ?" ಎಂದು ಕೇಳಿದ.

"ಪೂರ್ತಿ. ಒಂಚೂರೂ ಬೆಳಕಿಲ್ಲ." ಘೀಂಯ್-ಟಕ್. "ಏನ್ ಮಾಡೋದು ಅಂತಾನೇ ಗೊತ್ತಾಗ್ತಿಲ್ಲ." ಘೀಂಯ್-ಟಕ್.

"ಬಿಳಿ ಗೆರೆ ಕಣ್ಣು ಹೊಡೀತಿದೆಯಾ?"

"ಆಂ? ಹೂಂ. ಹೊಡೀತಿದೆ, ಹೊಡೀತಿದೆ. ಜೋರಾಗೇ ಹೊಡೀತಿದೆ."

ದೂರದಲ್ಲಿ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿರುವುದು ಸ್ಪಷ್ಟವಾಗಿ ಕೇಳಿಸಿತು. ಕುಕ್ಕರ್ ಹೊಳ್ಳೆ ಅರಳಿತು. ಗಾಳಿಯೂ ಹೊರಟಿತು. ಆದರೆ ಈ ಸಲ ಅದು ಬೇರೆ ಏನೋ ಆಗಿತ್ತು, ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳಬೇಕಾಯಿತು.

"ಸರಿ ಭಾವ, ಇಲ್ಲಿ ಕೆಲಸ ಮುಗಿಸಿ ಸಂಜೆ ಬರ್ತೀನಿ. ನೋಡೋಣ ಏನಾಗಿದೆ ಅಂತ."

"ಬಾ ಬಾ. ಅವಸರ ಇಲ್ಲ. ಊಟಕ್ಕೆ ಇಲ್ಲೇ ಇರು."

"ಹೂಂ. ಇನ್ನೊಂದು ಮಾತು ಭಾವ."

"ಏನಪ್ಪಾ?"

"ನಾನು ಬರೋ ಹೊತ್ತಿಗೆ ಅದನ್ನ ಆಫ್ ಮಾಡಿಟ್ಟಿರಿ."